ಪರದೆ ಹಸಿರಾಗಿದ್ದರೂ ಕೆಲಸ ಏಕೆ ನಿಲ್ಲುತ್ತದೆ?

ಪುಣೆಯ ಹಿಂಜವಡಿಯಲ್ಲಾಗಲಿ ಖರಾಡಿಯಲ್ಲಾಗಲಿ, ಐಟಿ ಕಚೇರಿಯ ರಾತ್ರಿ ಪಾಳಿಯ ಕೋಣೆಗೆ ಹೋದರೆ ಗೋಡೆಯ ಮೇಲೆ ಒಂದು ದೊಡ್ಡ ಪರದೆ ಕಾಣುತ್ತದೆ. ಸಂಸ್ಥೆಯ ಸರ್ವರ್, ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್ ಮತ್ತು ರೂಟರ್, ಪ್ರಿಂಟರ್, ಯುಪಿಎಸ್, ಲ್ಯಾಪ್‌ಟಾಪ್‌ಗಳೆಲ್ಲ ಅದರಲ್ಲಿ ಸಣ್ಣ ಚೌಕಗಳಾಗಿ ಕುಳಿತಿರುತ್ತವೆ: ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟರೆ ಕೆಂಪು. ಆ ಪರದೆ ಕಾಯುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದ ನಮ್ಮ ಹುಡುಗ ಹುಡುಗಿಯರು ಬೇಕಾದಷ್ಟು ಮಂದಿ ಇದ್ದಾರೆ. ನಾನೂ ಇದೇ ಕಸುಬಿನವನು. ಉಪಕರಣಗಳ ಮೇಲೆ ಕಣ್ಣಿಟ್ಟು ಆ ಪರದೆಗೆ ಬಣ್ಣ ತುಂಬುವ ಈ ನಿಗಾ ತಂತ್ರಾಂಶಗಳಿಲ್ಲದೆ ದೊಡ್ಡ ಕಚೇರಿಯೊಂದನ್ನು ಇಂದು ನಡೆಸಲಾಗದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳ ಮೇಲೆ ಆಡಳಿತ ವರ್ಗ ಇಟ್ಟಿರುವ ನಂಬಿಕೆ ಅಳತೆ ಮೀರಿದೆ. ಅದರ ಬೆಲೆ ತೆರುವವರು ಪಾಳಿಯಲ್ಲಿ ಕುಳಿತವರು ಮತ್ತು ಕೆಲಸ ನಿಂತು ಕಾಯುವ ಬಳಕೆದಾರರು.

ನಾನು ಹೇಳಬೇಕೆಂದಿರುವುದು ಇಷ್ಟು: ಉಪಕರಣವು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಮಾತ್ರ ನಿಗಾ ತಂತ್ರಾಂಶಕ್ಕೆ ಗೊತ್ತಿರುತ್ತದೆ. ಅದೂ ಆಗಾಗ ಕೇಳಿದಾಗ ಹೇಳಿದಷ್ಟು. ಆ ಉಪಕರಣದಿಂದ ಆಗಬೇಕಾದ ಕೆಲಸ ಆಯಿತೇ ಎಂದು ಅದನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಅಂತರ ಎಲ್ಲಿ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಪರದೆಯನ್ನು ಎಷ್ಟು ನಂಬಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕೇಳುವ ಮತ್ತು ಹೇಳುವ ಬಗೆ

ಬಹುತೇಕ ನಿಗಾ ತಂತ್ರಾಂಶಗಳು ಮೂರು ದಾರಿಯಲ್ಲಿ ಮಾಹಿತಿ ಪಡೆಯುತ್ತವೆ. ಮೊದಲನೆಯದು ಪಿಂಗ್. ‘ಇದ್ದೀಯಾ?’ ಎಂದು ಜಾಲದ ಮೂಲಕ ಮಾಹಿತಿಯ ಒಂದು ಸಣ್ಣ ಪೊಟ್ಟಣ ಕಳುಹಿಸುವುದು, ‘ಇದ್ದೇನೆ’ ಎಂಬ ಉತ್ತರ ಬಂದರೆ ಹಸಿರು ಬಣ್ಣ ಕೊಡುವುದು. 1983ರಲ್ಲಿ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಂ ಇಂದಿಗೂ ನಮ್ಮ ಕಸುಬಿನ ಮೊದಲ ಆಯುಧ. ಎರಡನೆಯದು ಎಸ್‌ಎನ್‌ಎಂಪಿ. 1988ರಲ್ಲಿ ರೂಪುಗೊಂಡ ಈ ನಿಯಮಾವಳಿಯ ಪ್ರಕಾರ ತಂತ್ರಾಂಶವು ಪ್ರತಿ ಉಪಕರಣವನ್ನು ಸರದಿಯ ಮೇಲೆ ಪ್ರಶ್ನಿಸುತ್ತದೆ: ಎಷ್ಟು ಬೈಟ್ ಮಾಹಿತಿ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಉಷ್ಣಾಂಶ ಎಷ್ಟು, ಚಾಲೂ ಆಗಿ ಎಷ್ಟು ಹೊತ್ತಾಯಿತು. ಹೀಗೆ ಸರದಿಯಲ್ಲಿ ಕೇಳುವುದಕ್ಕೆ ನಾವು ಪೋಲಿಂಗ್ ಎನ್ನುತ್ತೇವೆ. ಮೂರನೆಯದು ಏಜೆಂಟ್. ಸರ್ವರ್ ಅಥವಾ ಲ್ಯಾಪ್‌ಟಾಪ್‌ನ ಒಳಗೇ ಕೂರಿಸಿದ ಪುಟ್ಟ ತಂತ್ರಾಂಶ, ಒಳಗಿನ ಸುದ್ದಿಯನ್ನು ಆಗಾಗ ಕೇಂದ್ರಕ್ಕೆ ಕಳುಹಿಸುತ್ತಿರುತ್ತದೆ.

ಇವಲ್ಲದೆ, ಏನಾದರೂ ಕೆಟ್ಟಾಗ ಉಪಕರಣವೇ ಮುಂದಾಗಿ ಕೂಗಿಕೊಳ್ಳುವ ವ್ಯವಸ್ಥೆಯೂ ಇದೆ. ಅದರ ಹೆಸರು ಟ್ರ್ಯಾಪ್. ಕೇಳಲು ಚೆನ್ನಾಗಿದೆ. ಆದರೆ ಟ್ರ್ಯಾಪ್ ಸಾಗುವುದು ಯುಡಿಪಿ ಎಂಬ ದಾರಿಯಲ್ಲಿ. ಕಳುಹಿಸಿದ್ದು ತಲುಪಿತೋ ಇಲ್ಲವೋ ಎಂದು ಆ ದಾರಿಯಲ್ಲಿ ಯಾರೂ ವಿಚಾರಿಸುವುದಿಲ್ಲ. ಜಾಲದಲ್ಲಿ ದಟ್ಟಣೆಯಾಗಿ ಪೊಟ್ಟಣಗಳು ಕಳೆದುಹೋಗುತ್ತಿರುವ ಹೊತ್ತಿಗೆ, ಆ ದಟ್ಟಣೆಯ ಸುದ್ದಿ ಹೊತ್ತ ಪೊಟ್ಟಣವೂ ಕಳೆದುಹೋಗಬಹುದು. ಸಾಲದ್ದಕ್ಕೆ, ವಿದ್ಯುತ್ ಹೋಗಿ ಥಟ್ಟನೆ ಸತ್ತ ಸ್ವಿಚ್‌ಗೆ ಕೂಗಿಕೊಳ್ಳಲು ಸಮಯವೇ ಇರುವುದಿಲ್ಲ.

ಐದು ನಿಮಿಷದ ಕತ್ತಲು

ಹೆಚ್ಚಿನ ಕಚೇರಿಗಳಲ್ಲಿ ಪೋಲಿಂಗ್ ನಡೆಯುವುದು ಐದು ನಿಮಿಷಕ್ಕೊಮ್ಮೆ. ನನ್ನ ದೃಷ್ಟಿಯಲ್ಲಿ ನಿಗಾ ತಂತ್ರಾಂಶದ ದೊಡ್ಡ ಕೊರತೆ ಇಲ್ಲೇ ಇದೆ. ಬಹಳ ಜನಕ್ಕೆ ಇದು ಕೊರತೆಯೆಂದು ಹೊಳೆಯುವುದೂ ಇಲ್ಲ.

ಒಂದು ಲೆಕ್ಕ ಮಾಡೋಣ. ಕಚೇರಿಯ ಇಂಟರ್ನೆಟ್ ಸಂಪರ್ಕ 20 ಸೆಕೆಂಡು ಪೂರ್ತಿ ತುಂಬಿಹೋಯಿತು ಎಂದುಕೊಳ್ಳಿ. ವಿಡಿಯೋ ಸಭೆಯಲ್ಲಿದ್ದವರ ಮುಖಗಳು ಹೆಪ್ಪುಗಟ್ಟಿದವು, ಫೋನ್ ಕರೆಯ ಮಾತು ತುಂಡು ತುಂಡಾಯಿತು. ಉಳಿದ 280 ಸೆಕೆಂಡು ಸಂಪರ್ಕದ ಶೇಕಡ 10ರಷ್ಟೇ ಬಳಕೆಯಾಯಿತು. ಐದು ನಿಮಿಷದ ಸರಾಸರಿ ತೆಗೆದರೆ ಬರುವುದು ಶೇಕಡ 16. ಗ್ರಾಫ್‌ನಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ, ಅಷ್ಟೇ. ಎಚ್ಚರಿಕೆಯ ಮಿತಿಯನ್ನು ಶೇಕಡ 80ಕ್ಕೆ ಇಟ್ಟಿರುವ ತಂತ್ರಾಂಶಕ್ಕೆ ಇದು ಸುದ್ದಿಯೇ ಅಲ್ಲ. ಬಳಕೆದಾರರು ‘ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ’ ಎಂದು ದೂರು ಕೊಡುತ್ತಾರೆ. ಪಾಳಿಯವರು ಗ್ರಾಫ್ ತೋರಿಸಿ ‘ನಮ್ಮ ಕಡೆ ಎಲ್ಲವೂ ಸರಿಯಿದೆ’ ಎಂದು ಟಿಕೆಟ್ ಅಂದರೆ ದೂರಿನ ದಾಖಲೆಯನ್ನು ಮುಚ್ಚುತ್ತಾರೆ. ಇಬ್ಬರೂ ತಮಗೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಲಿಖಿತ ದಾಖಲೆ ಒಂದು ಕಡೆಯದು ಮಾತ್ರ ಆದ್ದರಿಂದ ಯಾವಾಗಲೂ ಬಳಕೆದಾರನೇ ಸುಳ್ಳನಾಗುತ್ತಾನೆ.

ಕಾಲ ಕಳೆದಂತೆ ಈ ತೊಂದರೆ ಇನ್ನೂ ಹೆಚ್ಚುತ್ತದೆ. ಜಾಗ ಉಳಿಸಲು ಬಹಳಷ್ಟು ತಂತ್ರಾಂಶಗಳು ಹಳೆಯ ಅಂಕಿಗಳನ್ನು ಒಟ್ಟುಗೂಡಿಸಿ, ಮೊದಲು ಅರ್ಧ ಗಂಟೆಯ ಸರಾಸರಿ, ಆಮೇಲೆ ಎರಡು ಗಂಟೆಯ ಸರಾಸರಿ, ಕೊನೆಗೆ ದಿನದ ಸರಾಸರಿಯನ್ನಷ್ಟೇ ಇಟ್ಟುಕೊಳ್ಳುತ್ತವೆ. ಹೋದ ವಾರ ಕಂಡಿದ್ದ ಚೂಪಾದ ಶಿಖರ ಮುಂದಿನ ತಿಂಗಳು ದಿಬ್ಬವಾಗಿ, ವರ್ಷಾಂತ್ಯಕ್ಕೆ ಬಯಲಾಗಿರುತ್ತದೆ. ಹೊಸ ಸಂಪರ್ಕ ಕೊಳ್ಳಬೇಕೇ ಎಂದು ಬಜೆಟ್ ಸಭೆಯಲ್ಲಿ ಕೇಳಿದಾಗ ಹೊರಬರುವುದು ಇದೇ ಬಯಲಿನ ಚಿತ್ರ. ಅದನ್ನು ನೋಡಿದ ಹಣಕಾಸು ವಿಭಾಗದವರು ‘ಬೇಡ’ ಎಂದರೆ ಅವರನ್ನು ದೂರುವಂತಿಲ್ಲ.

ಎಣಿಕೆಯಲ್ಲಿಯೂ ಒಂದು ಹಳೆಯ ತೊಡಕಿದೆ. ಸ್ವಿಚ್‌ಗಳು ತಮ್ಮ ಮೂಲಕ ಹಾದುಹೋದ ಬೈಟ್‌ಗಳನ್ನು ಎಣಿಸುತ್ತಲೇ ಇರುತ್ತವೆ. ಹಳೆಯ ಎಣಿಕೆಯ ಪಟ್ಟಿ 32 ಬಿಟ್‌ನದು, ಅಂದರೆ ಸುಮಾರು 429 ಕೋಟಿ ಮುಟ್ಟಿದೊಡನೆ ಅದು ಮತ್ತೆ ಸೊನ್ನೆಗೆ ಬರುತ್ತದೆ. 100 ಮೆಗಾಬಿಟ್ ವೇಗದ ತಂತಿ ಪೂರ್ತಿ ತುಂಬಿ ಓಡಿದರೆ ಹೀಗಾಗಲು ಐದು ಮುಕ್ಕಾಲು ನಿಮಿಷ ಬೇಕಿತ್ತು. ಐದು ನಿಮಿಷದ ಪೋಲಿಂಗ್‌ಗೆ ಅದು ಸರಿಹೋಗುತ್ತಿತ್ತು. ಒಂದು ಗಿಗಾಬಿಟ್ ತಂತಿಯಲ್ಲಾದರೆ 34 ಸೆಕೆಂಡು ಸಾಕು. ಎರಡು ಪ್ರಶ್ನೆಗಳ ನಡುವೆ ಎಣಿಕೆ ಎಂಟು ಸಲ ಸೊನ್ನೆಗೆ ಬಂದು ಹೋಗಿದ್ದರೂ ತಂತ್ರಾಂಶಕ್ಕೆ ಅದರ ಸುಳಿವು ಸಿಗುವುದಿಲ್ಲ. ಅದು ತೋರಿಸುವ ಅಂಕಿಗೆ ಅರ್ಥವೇ ಉಳಿದಿರುವುದಿಲ್ಲ. 64 ಬಿಟ್ ಎಣಿಕೆ ಬಂದು ದಶಕಗಳೇ ಕಳೆದಿವೆ. ಆದರೆ ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಗೆ ಅದನ್ನು ಹೊರುವ ಶಕ್ತಿಯಿಲ್ಲ. ಯಾವುದೋ ಕಾಲದಲ್ಲಿ ಆ ಆವೃತ್ತಿಯಲ್ಲೇ ಸೇರಿಸಿಟ್ಟ ಸ್ವಿಚ್‌ಗಳು ಇಂದಿಗೂ ಹಾಗೆಯೇ ಮುಂದುವರಿದಿರುತ್ತವೆ.

ಇದೇ ಜಾತಿಯ ಇನ್ನೊಂದು: ಚಾಲೂ ಆಗಿ ಎಷ್ಟು ಹೊತ್ತಾಯಿತೆಂಬ ಲೆಕ್ಕವನ್ನು ಎಸ್‌ಎನ್‌ಎಂಪಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಇಡುತ್ತದೆ, ಅದೂ 32 ಬಿಟ್‌ನಲ್ಲಿ. 497 ದಿನ ಆಗುತ್ತಿದ್ದಂತೆ ಅದು ಸೊನ್ನೆಯಾಗುತ್ತದೆ. ಒಂದೂವರೆ ವರ್ಷಕ್ಕೆ ಸಮೀಪ ಒಮ್ಮೆಯೂ ನಿಲ್ಲದೆ ದುಡಿದ ಸ್ವಿಚ್ ಬಗ್ಗೆ ಮಧ್ಯರಾತ್ರಿ ‘ಇದು ಈಗಷ್ಟೇ ಮರುಚಾಲೂ ಆಯಿತು’ ಎಂಬ ಅಲರ್ಟ್ ಬರುತ್ತದೆ. ಗೊತ್ತಿಲ್ಲದ ಹೊಸ ಹುಡುಗ ವಿದ್ಯುತ್ ತಂತಿ ಹುಡುಕುತ್ತಾ ಸರ್ವರ್ ಕೋಣೆಗೆ ಓಡುತ್ತಾನೆ.

ಚಾಕಣದ ಲೇಬಲ್

ಉಪಕರಣ ಜೀವಂತವಾಗಿರುವುದು ಬೇರೆ, ಕೆಲಸ ಮಾಡುತ್ತಿರುವುದು ಬೇರೆ. ಪುಣೆ ಬಳಿಯ ಚಾಕಣದ ಒಂದು ಗೋದಾಮಿನಲ್ಲಿ ನಡೆದ ಪ್ರಸಂಗದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ವಾಹನದ ಬಿಡಿಭಾಗಗಳನ್ನು ಪೆಟ್ಟಿಗೆಗೆ ತುಂಬಿ, ಬಾರ್‌ಕೋಡ್ ಲೇಬಲ್ ಅಂಟಿಸಿ, ಲಾರಿಗೆ ಏರಿಸುವ ಜಾಗ ಅದು. ಲೇಬಲ್ ಇಲ್ಲದ ಪೆಟ್ಟಿಗೆ ಬಾಗಿಲು ದಾಟುವಂತಿಲ್ಲ. ರಾತ್ರಿ ಮೇಲ್ವಿಚಾರಕರು ಜಮಖಂಡಿಯವರು, ವಯಸ್ಸಾದವರು. ಹಿಂಜವಡಿಯಲ್ಲಿ ಪರದೆಯ ಮುಂದಿದ್ದ ಹುಡುಗ ಸಿಂದಗಿಯವನು. ಕನ್ನಡದವರೆಂದು ಗೊತ್ತಾದ ಮೇಲೆ ಇಬ್ಬರ ಮಾತೂ ಕನ್ನಡದಲ್ಲೇ.

“ತಮ್ಮಾ, ಲೇಬಲ್ ಬರುತ್ತಿಲ್ಲ. ಲಾರಿಗಳು ಸಾಲುಗಟ್ಟಿ ನಿಂತಿವೆ.”

“ಕಾಕಾ, ಇಲ್ಲಿ ಪ್ರಿಂಟರ್ ಹಸಿರಿದೆ. ಸರ್ವರ್ ಕೂಡ ಹಸಿರಿದೆ.”

“ನಿನ್ನ ಹಸಿರನ್ನು ಪೆಟ್ಟಿಗೆಗೆ ಅಂಟಿಸಿ ಕಳಿಸಲೇನು?”

ಹುಡುಗ ಸುಳ್ಳು ಹೇಳಿರಲಿಲ್ಲ. ಪ್ರಿಂಟರ್ ಪಿಂಗ್‌ಗೆ ಉತ್ತರಿಸುತ್ತಿತ್ತು. ಎಸ್‌ಎನ್‌ಎಂಪಿಯಲ್ಲಿ ಕೇಳಿದರೆ ‘ಸಿದ್ಧವಾಗಿದ್ದೇನೆ, ಕಾಗದವಿದೆ’ ಎನ್ನುತ್ತಿತ್ತು. ಪ್ರಿಂಟ್ ಸರ್ವರ್‌ನಲ್ಲಿ ಮುದ್ರಣದ ಸರದಿ ನೋಡಿಕೊಳ್ಳುವ ಸ್ಪೂಲರ್ ಎಂಬ ಸೇವೆ ‘ಚಾಲ್ತಿಯಲ್ಲಿದೆ’ ಎಂದೇ ತೋರಿಸುತ್ತಿತ್ತು. ನಿಜಕ್ಕೂ ಆಗಿದ್ದೇನೆಂದರೆ, ಕೆಟ್ಟ ಕಡತವೊಂದು ಮುದ್ರಣದ ಸರದಿಯ ತಲೆಯಲ್ಲಿ ಸಿಕ್ಕಿಬಿದ್ದಿತ್ತು. ಅದು ಮುಗಿಯುತ್ತಲೂ ಇರಲಿಲ್ಲ, ವಿಫಲವಾಯಿತೆಂದು ಪಕ್ಕಕ್ಕೆ ಸರಿಯುತ್ತಲೂ ಇರಲಿಲ್ಲ. ಅದರ ಹಿಂದೆ ನೂರಾರು ಲೇಬಲ್‌ಗಳು ಕಾಯುತ್ತಿದ್ದವು. ಪ್ರಿಂಟರ್, ಸರ್ವರ್, ಸ್ಪೂಲರ್ ಮೂರೂ ತಮ್ಮ ಬಗ್ಗೆ ಹೇಳಿಕೊಂಡದ್ದು ಅಕ್ಷರಶಃ ಸತ್ಯವಾಗಿತ್ತು. ಸರದಿಯಲ್ಲಿ ಎಷ್ಟು ಕಾಯುತ್ತಿವೆ, ಮೊದಲನೆಯದು ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬ ಎರಡು ಪ್ರಶ್ನೆಗಳನ್ನು ತಂತ್ರಾಂಶಕ್ಕೆ ಯಾರೂ ಕಲಿಸಿರಲಿಲ್ಲ. ಕಡತ ಅಳಿಸಲು ಒಂದು ನಿಮಿಷ ಹಿಡಿಯಿತು. ಕಾರಣ ಹುಡುಕಲು ರಾತ್ರಿಯ ಅರ್ಧ ಭಾಗ ಹೋಯಿತು, ಏಕೆಂದರೆ ಪರದೆ ಹಸಿರಾಗಿದ್ದರಿಂದ ಎಲ್ಲರೂ ಮೊದಲು ಗೋದಾಮಿನವರ ಮೇಲೆಯೇ ಅನುಮಾನಪಟ್ಟಿದ್ದರು.

ಇಂಥದ್ದು ಎಲ್ಲೆಡೆಯೂ ಇದೆ. ವೆಬ್ ಸರ್ವರ್ ಬದುಕಿರುತ್ತದೆ, ಲಾಗಿನ್ ಪುಟವೂ ತೆರೆಯುತ್ತದೆ, ಆದರೆ ಒಳಗಿನ ಡೇಟಾಬೇಸ್ ಸಂಪರ್ಕ ಮುಗಿದುಹೋಗಿ ಯಾರಿಗೂ ಲಾಗಿನ್ ಆಗುವುದಿಲ್ಲ. ಬ್ಯಾಕಪ್ ‘ಯಶಸ್ವಿ’ ಎಂದು ಬರೆದಿರುತ್ತದೆ, ತೆರೆದು ನೋಡಿದರೆ ಕಡತ ಖಾಲಿ. ಹಾರ್ಡ್ ಡಿಸ್ಕ್‌ಗಳ ವಿಷಯದಲ್ಲಿ ದೊಡ್ಡ ಪ್ರಮಾಣದ ಪುರಾವೆಯೇ ಇದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ವರದಿ ಮಾಡಲೆಂದು ಸ್ಮಾರ್ಟ್ ಎಂಬ ವ್ಯವಸ್ಥೆ ಇರುತ್ತದೆ. ಗೂಗಲ್‌ನ ಇಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಶೇಕಡ 36ಕ್ಕಿಂತ ಹೆಚ್ಚಿನವು, ಉಷ್ಣಾಂಶವೊಂದನ್ನು ಬಿಟ್ಟರೆ, ಮುಂಚಿತವಾಗಿ ಯಾವ ಸ್ಮಾರ್ಟ್ ಸೂಚನೆಯನ್ನೂ ಕೊಟ್ಟಿರಲಿಲ್ಲ. ಸಾಯುವ ಕ್ಷಣದವರೆಗೆ ಅವು ಹಸಿರಾಗಿಯೇ ಇದ್ದವು.

ಗುರುವಾರದ ಪರೀಕ್ಷೆ

ಪುಣೆಯಲ್ಲಿ ವಾಸಿಸುವವರಿಗೆ ಗುರುವಾರದ ಮಹಿಮೆ ಗೊತ್ತು. ವಿದ್ಯುತ್ ಮಾರ್ಗಗಳ ದುರಸ್ತಿಗೆಂದು ಒಂದಲ್ಲ ಒಂದು ಭಾಗದಲ್ಲಿ ಅಂದು ವಿದ್ಯುತ್ ನಿಲ್ಲಿಸುತ್ತಾರೆ. ಕಚೇರಿಯ ಯುಪಿಎಸ್‌ಗಳ ನಿಜಬಣ್ಣ ಹೊರಬೀಳುವುದು ಆ ದಿನ. ನಿಗಾ ಪರದೆಯಲ್ಲಿ ‘ಬ್ಯಾಟರಿ 100 ಶೇಕಡ, 40 ನಿಮಿಷ ಬಾಳುತ್ತದೆ’ ಎಂದಿರುತ್ತದೆ. ಆ 100 ಶೇಕಡ ಅಂದರೆ ಬ್ಯಾಟರಿ ಈಗ ಹಿಡಿಯಬಲ್ಲಷ್ಟು ಚಾರ್ಜ್ ಆಗಿದೆ ಎಂದರ್ಥ. ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತಿದೆ ಎಂಬುದು ಅದರಲ್ಲಿ ಇಲ್ಲ. ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸೀಸದ ಬ್ಯಾಟರಿಗಳ ಆಯುಷ್ಯ ಮೂರರಿಂದ ಐದು ವರ್ಷ, ಕೋಣೆ ಬಿಸಿಯಿದ್ದರೆ ಇನ್ನೂ ಕಡಿಮೆ. ಸಾಲಿನಲ್ಲಿ ಜೋಡಿಸಿದ ಬ್ಯಾಟರಿಗಳಲ್ಲಿ ಒಂದು ಸೋತರೂ ನಿಜವಾದ ವಿದ್ಯುತ್ ಭಾರ ಬಿದ್ದಾಗ ಇಡೀ ಸಾಲು ಕುಸಿಯುತ್ತದೆ. 40 ನಿಮಿಷದ ಭರವಸೆ ಮೂರು ನಿಮಿಷಕ್ಕೆ ಮುಗಿಯುತ್ತದೆ. ಭಾರ ಹಾಕಿ ನೋಡದೆ ಇದನ್ನು ತಿಳಿಯುವ ದಾರಿ ಇಲ್ಲ, ಪರದೆಯಲ್ಲಂತೂ ಇಲ್ಲವೇ ಇಲ್ಲ.

ಫೈಬರ್ ಕತೆಯೂ ಇದಕ್ಕೆ ಕಡಿಮೆಯದಲ್ಲ. ಒಂದು ಕಂಪನಿಯ ಸಂಪರ್ಕ ಹೋದರೆ ಇರಲೆಂದು ಎರಡು ಕಂಪನಿಗಳಿಂದ ಇಂಟರ್ನೆಟ್ ತೆಗೆದುಕೊಂಡಿರುತ್ತೇವೆ. ಪರದೆಯಲ್ಲಿ ಎರಡು ಹಸಿರು ಗೆರೆ ನೋಡಿ ನೆಮ್ಮದಿಯಾಗುತ್ತದೆ. ಆದರೆ ಆ ಎರಡೂ ಎಳೆಗಳು ಕಟ್ಟಡದ ಹೊರಗೆ ನೆಲದಡಿಯ ಒಂದೇ ಕೊಳವೆಯಲ್ಲಿ ಮಲಗಿರುವುದು ತಂತ್ರಾಂಶಕ್ಕೆ ಗೊತ್ತಿರುವುದಿಲ್ಲ. ಹಿಂಜವಡಿಯಿಂದ ಶಿವಾಜಿನಗರದ ಕಡೆಗೆ ಮೆಟ್ರೊ ಕೆಲಸ ಶುರುವಾದ ಮೇಲೆ ಈ ಭಾಗದ ರಸ್ತೆಗಳನ್ನು ಅಗೆದದ್ದು ಅಷ್ಟಿಷ್ಟಲ್ಲ. ಜೆಸಿಬಿಯ ಒಂದು ಏಟಿಗೆ ಎರಡೂ ಗೆರೆಗಳು ಒಟ್ಟಿಗೆ ಕೆಂಪಾಗುತ್ತವೆ. ಎಳೆ ಯಾವ ದಾರಿಯಲ್ಲಿ ಬಂದಿದೆ ಎಂದು ಬರವಣಿಗೆಯಲ್ಲಿ ಕೇಳಿ, ನಕ್ಷೆ ತರಿಸಿಕೊಂಡು, ಸಾಧ್ಯವಾದರೆ ಕಾಲ್ನಡಿಗೆಯಲ್ಲಿ ಹೋಗಿ ನೋಡಿದವರಿಗಷ್ಟೇ ಇದು ಮೊದಲೇ ತಿಳಿಯುತ್ತದೆ.

ಇನ್ನು ನಿಗಾ ತಂತ್ರಾಂಶವನ್ನೇ ಅದು ಕಾಯಬೇಕಾದ ಜಾಲದೊಳಗೆ ಇಟ್ಟಿದ್ದರಂತೂ ಕತೆ ಮುಗಿಯಿತು. ಜಾಲ ಬಿದ್ದರೆ ‘ಜಾಲ ಬಿದ್ದಿದೆ’ ಎಂಬ ಇಮೇಲ್ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಸಣ್ಣ ಕಚೇರಿಗಳಷ್ಟೇ ಹೀಗೆ ಮಾಡುತ್ತವೆ ಎಂದುಕೊಳ್ಳಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂಗಳು ಸುಮಾರು ಆರು ಗಂಟೆ ನಿಂತುಹೋದವು. ಅವರ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಜಾಲವೇ ಕಡಿದುಹೋದಾಗ, ಏನಾಗಿದೆ ಎಂದು ಪತ್ತೆ ಹಚ್ಚಿ ಸರಿಪಡಿಸಲು ಬಳಸುವ ಒಳಗಿನ ಸಾಧನಗಳೂ ಜೊತೆಗೇ ಮಲಗಿದ್ದವು. ಇಂಜಿನಿಯರುಗಳನ್ನು ಖುದ್ದಾಗಿ ಡೇಟಾ ಸೆಂಟರ್‌ಗಳಿಗೆ ಕಳುಹಿಸಬೇಕಾಯಿತು.

ಅಲರ್ಟ್‌ಗಳ ಮಳೆ

ಇಲ್ಲಿಯವರೆಗೆ ಹೇಳಿದ್ದು ತಂತ್ರಾಂಶ ಕಾಣದೆ ಹೋಗುವುದರ ಬಗ್ಗೆ. ಕಾಣಬಾರದ್ದನ್ನು ಕಂಡು ಕೂಗುವುದು ಇನ್ನೊಂದು ಸಂಕಟ. ಪಾಳಿಯಲ್ಲಿ ದುಡಿಯುವವರನ್ನು ಒಳಗಿಂದ ತಿನ್ನುವುದು ಇದೇ.

ಮಧ್ಯಮ ಗಾತ್ರದ ಕಚೇರಿ ಎಂದುಕೊಳ್ಳಿ: 400 ಉಪಕರಣ, ಪ್ರತಿಯೊಂದಕ್ಕೂ ಹತ್ತು ಅಳತೆ. ಐದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 288 ಸುತ್ತು, ಒಟ್ಟು ಹನ್ನೊಂದೂವರೆ ಲಕ್ಷ ತಪಾಸಣೆ. ತಂತ್ರಾಂಶ ಹತ್ತು ಸಾವಿರಕ್ಕೆ ಒಮ್ಮೆ ಮಾತ್ರ ತಪ್ಪುತ್ತದೆ ಎಂದು ಉದಾರವಾಗಿ ಒಪ್ಪಿಕೊಳ್ಳೋಣ. ಆದರೂ ದಿನಕ್ಕೆ 115 ಸುಳ್ಳು ಅಲರ್ಟ್‌ಗಳಾದವು. ಎಂಟು ಗಂಟೆಯ ಪಾಳಿಯಲ್ಲಿ ಹನ್ನೆರಡು ಹದಿಮೂರು ನಿಮಿಷಕ್ಕೊಂದು. ಪ್ರತಿಯೊಂದಕ್ಕೂ ಟಿಕೆಟ್, ಪ್ರತಿ ಟಿಕೆಟ್‌ಗೂ ಹದಿನೈದು ನಿಮಿಷದಲ್ಲಿ ಉತ್ತರಿಸಬೇಕೆಂಬ ಗಡುವು. ಮನುಷ್ಯನಾದವನು ಏನು ಮಾಡುತ್ತಾನೆ? ಇಮೇಲ್‌ನಲ್ಲಿ ಒಂದು ನಿಯಮ ಬರೆದು ಅಲರ್ಟ್‌ಗಳನ್ನೆಲ್ಲ ಪ್ರತ್ಯೇಕ ಕಡತಕ್ಕೆ ತಳ್ಳುತ್ತಾನೆ. ಪಾಳಿ ಮುಗಿಯುವ ಮುನ್ನ ಒಟ್ಟಿಗೆ ಆಯ್ದು ‘ಪರಿಶೀಲಿಸಲಾಗಿದೆ’ ಎಂದು ಮುಚ್ಚುತ್ತಾನೆ. ಅದರಲ್ಲಿ ಒಂದು ನಿಜವಾದದ್ದಿದ್ದರೆ ಮರುದಿನ ಬೆಳಗ್ಗೆ ಅವನಿಗೆ ಮೆಮೊ ಬರುತ್ತದೆ. ಅವನ ಮೇಲೆ ಇಷ್ಟೊಂದು ಗದ್ದಲ ಸುರಿದವರಿಗೆ ಯಾವ ಮೆಮೊವೂ ಇಲ್ಲ. ಇದು ಅನ್ಯಾಯ.

ಸುಳ್ಳು ಅಲರ್ಟ್‌ಗಳು ಹುಟ್ಟುವುದು ಬಹುತೇಕ ಅಳತೆಯ ಅರ್ಥ ತಿಳಿಯದ್ದರಿಂದ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಸರ್ವರ್‌ಗಳಲ್ಲಿ ‘ಮೆಮೊರಿ ಶೇಕಡ 95 ತುಂಬಿದೆ’ ಎಂದು ಬರುವ ಅಲರ್ಟ್ ನೋಡಿ. ಖಾಲಿ ಬಿದ್ದ ಮೆಮೊರಿಯನ್ನು ಲಿನಕ್ಸ್ ಸುಮ್ಮನೆ ಬಿಡುವುದಿಲ್ಲ, ಇತ್ತೀಚೆಗೆ ಓದಿದ ಕಡತಗಳನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಬೇಕೆಂದಾಗ ಕ್ಷಣದಲ್ಲಿ ಬಿಟ್ಟುಕೊಡುತ್ತದೆ. ಅದನ್ನೂ ಬಳಕೆಯೆಂದೇ ಎಣಿಸುವ ತಂತ್ರಾಂಶ ಆರೋಗ್ಯವಂತ ಸರ್ವರ್‌ಗೆ ಕೆಂಪು ಬಳಿಯುತ್ತದೆ. ನಿಜವಾಗಿ ಎಷ್ಟು ಮೆಮೊರಿ ಸಿಗಬಲ್ಲದು ಎಂಬ ಅಂಕಿಯನ್ನು ಲಿನಕ್ಸ್ 2014ರಿಂದಲೇ ನೇರವಾಗಿ ಕೊಡುತ್ತಿದೆ, ಆದರೆ ಹಳೆಯ ಮಾದರಿಯಲ್ಲೇ ಎಣಿಸುವ ತಂತ್ರಾಂಶಗಳು ಇನ್ನೂ ಬಳಕೆಯಲ್ಲಿವೆ. ರಾತ್ರಿ ಎರಡಕ್ಕೆ ಬ್ಯಾಕಪ್ ನಡೆಯುವಾಗ ಸರ್ವರ್‌ನ ಸಿಪಿಯು ನೂರಕ್ಕೆ ನೂರು ದುಡಿಯುವುದು ಸಹಜ, ದುಡಿಯದಿದ್ದರೆ ಅನುಮಾನಪಡಬೇಕು. ಹಗಲು ರಾತ್ರಿಗೆ ಒಂದೇ ಮಿತಿ ಇಟ್ಟ ತಂತ್ರಾಂಶಕ್ಕೆ ಈ ವಿವೇಚನೆ ಎಲ್ಲಿಂದ ಬರಬೇಕು?

ಸಂಬಂಧ ತಿಳಿಯದಿರುವುದು ಮತ್ತೊಂದು ಕಾರಣ. ಮಹಡಿಯ ಒಂದು ಸ್ವಿಚ್ ಸತ್ತರೆ ಅದರ ಹಿಂದಿರುವ ಅರವತ್ತು ಉಪಕರಣಗಳೂ ಕಾಣೆಯಾಗುತ್ತವೆ. ಯಾವುದರ ಹಿಂದೆ ಯಾವುದಿದೆ ಎಂದು ತಂತ್ರಾಂಶಕ್ಕೆ ಮೊದಲೇ ಹೇಳಿರದಿದ್ದರೆ ಅರವತ್ತೊಂದು ಅಲರ್ಟ್ ಬರುತ್ತದೆ, ಕಾರಣವಾದ ಆ ಒಂದು ಎಲ್ಲೋ ಮಧ್ಯದಲ್ಲಿ ಹೂತಿರುತ್ತದೆ. ಈ ನಂಟುಗಳನ್ನು ಬರೆದಿಡುವ ಸೌಲಭ್ಯ ಹೆಚ್ಚುಕಡಿಮೆ ಎಲ್ಲ ತಂತ್ರಾಂಶಗಳಲ್ಲೂ ಇದೆ. ಬರೆಯಲು ಯಾರಿಗೂ ಸಮಯ ಕೊಟ್ಟಿರುವುದಿಲ್ಲ. ಒಮ್ಮೆ ಬರೆದರೂ ಉಪಕರಣ ಜಾಗ ಬದಲಿಸಿದಾಗ ತಿದ್ದುವವರಿರುವುದಿಲ್ಲ. ಪಟ್ಟಿಗೆ ಸೇರದ ಉಪಕರಣದ ಪಾಡೂ ಇದೇ: ಯಾರೋ ಸಭಾಕೋಣೆಯಲ್ಲಿ ತಂದು ಸಿಕ್ಕಿಸಿದ ವೈಫೈ ಪೆಟ್ಟಿಗೆ, ಕೆಲಸ ಬಿಟ್ಟವರ ಮನೆಯಲ್ಲೇ ಉಳಿದ ಲ್ಯಾಪ್‌ಟಾಪ್ ಯಾವ ಬಣ್ಣದಲ್ಲೂ ಕಾಣುವುದಿಲ್ಲ.

ತಿಂಗಳ ವರದಿ

ಆಡಳಿತ ವರ್ಗ ನಿತ್ಯದ ಪರದೆ ನೋಡುವುದಿಲ್ಲ, ತಿಂಗಳ ಕೊನೆಯ ವರದಿ ನೋಡುತ್ತದೆ. ಅಲ್ಲಿ ‘ಲಭ್ಯತೆ ಶೇಕಡ 99.99’ ಎಂದಿದ್ದರೆ ಚಪ್ಪಾಳೆ. ಅದೇ 400 ಉಪಕರಣಗಳ ಕಚೇರಿಯನ್ನು ಮತ್ತೆ ತೆಗೆದುಕೊಳ್ಳಿ. ಬಿಲ್ಲಿಂಗ್ ವಿಭಾಗದ ಇಡೀ ಮಹಡಿಗೆ ಸಂಪರ್ಕ ಕೊಡುವ ಸ್ವಿಚ್ ಒಂದು ದಿನ ಪೂರ್ತಿ ಸತ್ತಿತ್ತು. ಆ ಸ್ವಿಚ್ ಹಿಂದಿನ ಉಪಕರಣಗಳನ್ನು ‘ತಲುಪಲಾಗದು’ ಎಂದು ಲೆಕ್ಕದಿಂದ ಹೊರಗಿಟ್ಟರೆ, 30 ದಿನದ ತಿಂಗಳಲ್ಲಿ 12,000 ಉಪಕರಣ-ದಿನಗಳ ಪೈಕಿ ನಷ್ಟವಾದದ್ದು ಒಂದೇ ದಿನ. ಲಭ್ಯತೆ ಶೇಕಡ 99.99! ಆ ದಿನ ಒಂದು ಬಿಲ್ಲೂ ಹೊರಹೋಗಿರುವುದಿಲ್ಲ. ಸಭಾಕೋಣೆಯ ಟಿವಿಯನ್ನೂ ಬಿಲ್ಲಿಂಗ್ ಸ್ವಿಚ್ಚನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಅಂಕಿಯನ್ನು ನೋಡಿ ‘ಇಷ್ಟು ಚೆನ್ನಾಗಿದೆಯಲ್ಲ, ರಾತ್ರಿ ಪಾಳಿಯಲ್ಲಿ ಒಬ್ಬರು ಸಾಕು’ ಎಂದು ತೀರ್ಮಾನಿಸುವುದನ್ನು ನಾನು ಕಂಡಿದ್ದೇನೆ. ತಂತ್ರಾಂಶದ ಕೊರತೆಯನ್ನು ತುಂಬುತ್ತಿದ್ದವರನ್ನೇ ತಂತ್ರಾಂಶದ ಹೆಸರಿನಲ್ಲಿ ಕಡಿತಗೊಳಿಸುವುದೆಂದರೆ ಇದೇ.

ಕಾವಲುಗಾರನಿಗೆ ಕೊಟ್ಟ ಕೀಲಿಕೈ

ನಿಗಾ ತಂತ್ರಾಂಶಕ್ಕೆ ಎಲ್ಲ ಉಪಕರಣಗಳ ಒಳಗೂ ಪ್ರವೇಶ ಬೇಕು. ಎಲ್ಲದರ ಪಾಸ್‌ವರ್ಡ್‌ಗಳೂ ಒಂದೇ ಕಡೆ ಸೇರುತ್ತವೆ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಎಂಬ ಕಂಪನಿಯ ಪ್ರಕರಣದಲ್ಲಿ ದಾಳಿಕೋರರು ಆರಿಸಿಕೊಂಡದ್ದು ಇದನ್ನೇ. ಅದರ ಒರಾಯನ್ ಎಂಬ ನಿಗಾ ತಂತ್ರಾಂಶದ ಅಧಿಕೃತ ಅಪ್‌ಡೇಟ್‌ನೊಳಗೆ ಕಳ್ಳಬಾಗಿಲು ಸೇರಿಸಿದರು. ಸುಮಾರು 18,000 ಗ್ರಾಹಕರವರೆಗೆ ಅದು ತಲುಪಿರಬಹುದೆಂದು ಕಂಪನಿಯೇ ಅಂದಾಜಿಸಿತು, ಅಮೆರಿಕದ ಸರ್ಕಾರಿ ಇಲಾಖೆಗಳೂ ಅದರಲ್ಲಿದ್ದವು. ಏಜೆಂಟ್‌ನ ಅಪಾಯ ಬೇರೆ ಬಗೆಯದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ಏಜೆಂಟ್‌ನ ಒಂದು ದೋಷಪೂರಿತ ಅಪ್‌ಡೇಟ್, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಲಸ ನಿಲ್ಲಿಸಿ ದೋಷ ತೋರಿಸುವ ನೀಲಿ ಪರದೆಗೆ ತಳ್ಳಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟದ್ದು ಹಲವರಿಗೆ ನೆನಪಿರಬಹುದು. ಇವೆರಡೂ ದೂರದ ಮಾತೆನಿಸಿದರೆ ಹತ್ತಿರದ್ದನ್ನೇ ಹೇಳುತ್ತೇನೆ: ಎಸ್‌ಎನ್‌ಎಂಪಿಯ ಹಳೆಯ ಆವೃತ್ತಿಗಳಲ್ಲಿ ಉಪಕರಣಕ್ಕೆ ಹೇಳಬೇಕಾದ ಗುಪ್ತಪದ ‘ಪಬ್ಲಿಕ್’ ಎಂದು ಬರುತ್ತದೆ, ಜಾಲದಲ್ಲಿ ಬಯಲಾಗಿಯೇ ಓಡಾಡುತ್ತದೆ. ಅದನ್ನು ಬದಲಿಸದ ಕಚೇರಿಗಳು ಇಂದಿಗೂ ಇವೆ.

ಯಂತ್ರದಿಂದ ಮನುಷ್ಯನ ಕಡೆಗೆ

ಇತ್ತೀಚೆಗೆ ನನಗೆ ಹೆಚ್ಚು ಕಳವಳ ತರುತ್ತಿರುವುದು ಇದು. ಲ್ಯಾಪ್‌ಟಾಪ್‌ನ ಆರೋಗ್ಯ ನೋಡಲೆಂದು ಹಾಕಿದ ಏಜೆಂಟ್, ಕೀಲಿಮಣೆ ಎಷ್ಟು ಹೊತ್ತು ಸುಮ್ಮನಿತ್ತು, ಯಾವ ಕಿಟಕಿ ತೆರೆದಿತ್ತು ಎಂಬುದನ್ನೂ ಬರೆದಿಡಬಲ್ಲದು. ಒಂದು ಗುಂಡಿ ಒತ್ತಿದರೆ ಸಾಕು, ಉಪಕರಣದ ನಿಗಾ ಮನುಷ್ಯರ ನಿಗಾ ಆಗುತ್ತದೆ. ಅಲ್ಲಿಯೂ ಅದೇ ಕೊರತೆ, ಆದರೆ ಈ ಬಾರಿ ಪೆಟ್ಟು ಬೀಳುವುದು ಸಂಬಳಕ್ಕೆ. ಸರ್ವರ್ ಕೋಣೆಯಲ್ಲಿ ಎರಡು ಗಂಟೆ ನಿಂತು ಕೇಬಲ್‌ಗಳನ್ನು ಒಂದೊಂದಾಗಿ ಗುರುತಿಸಿ ಕಟ್ಟಿದ ಹುಡುಗಿಯ ಲ್ಯಾಪ್‌ಟಾಪ್ ‘ನಿಷ್ಕ್ರಿಯ’ ಎನ್ನುತ್ತದೆ. ಗಾಬರಿಗೊಂಡ ಬಳಕೆದಾರರೊಬ್ಬರಿಗೆ ಫೋನಿನಲ್ಲಿ ಸಮಾಧಾನದಿಂದ ದಾರಿ ಹೇಳಿದ ಹುಡುಗನೂ ‘ನಿಷ್ಕ್ರಿಯ’. ಅದರಂತೆ ಅಂಕ ಬೀಳಲಾರಂಭಿಸಿದರೆ ಜನ ಕೇಬಲ್ ಕಟ್ಟುವುದನ್ನು ಬಿಟ್ಟು ಮೌಸ್ ಅಲ್ಲಾಡಿಸುವುದನ್ನು ಕಲಿಯುತ್ತಾರೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿಯ ಹಿಂದಿದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ, ಸಂಸ್ಥೆಯನ್ನು ನಷ್ಟದಿಂದ ಕಾಯುವುದಕ್ಕೆ ನೌಕರರ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಆ ಅವಕಾಶದ ಗಡಿ ಎಲ್ಲಿ ಎಂಬುದನ್ನು ಕಚೇರಿಗಳೇ ಬರೆದು ನೌಕರರ ಕೈಗೆ ಕೊಡಬೇಕು: ಏಜೆಂಟ್ ಏನನ್ನು ಓದುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ. ಈ ಮೂರು ಸಾಲು ಕೊಡಲು ಹಿಂಜರಿಯುವ ಕಚೇರಿಯಲ್ಲಿ ಕೇಳಲೇಬೇಕು.

ತಂತ್ರಾಂಶ ಕೊಳ್ಳುವಾಗ

ನಿಮ್ಮ ಕಚೇರಿ ಹೊಸ ನಿಗಾ ತಂತ್ರಾಂಶ ತರುವುದಿದ್ದರೆ, ಮಾರುವವರು ತೋರಿಸುವ ಬಣ್ಣದ ಪುಟಗಳನ್ನು ಪಕ್ಕಕ್ಕಿಟ್ಟು ಕೆಲಸವನ್ನೇ ಅಳೆಯಲು ಹೇಳಿ. ಐದು ನಿಮಿಷಕ್ಕೊಮ್ಮೆ ತಾನೇ ಲಾಗಿನ್ ಆಗಿ ಒಂದು ಪರೀಕ್ಷಾ ಬಿಲ್ ಮಾಡಿ ಅಳಿಸುವ, ಒಂದು ಪರೀಕ್ಷಾ ಲೇಬಲ್ ಮುದ್ರಣಕ್ಕೆ ಹಾಕಿ ಹೊರಬಂತೇ ಎಂದು ನೋಡುವ ಏರ್ಪಾಡು ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಕೆಲಸ ಬಲ್ಲವರು ಪಕ್ಕದಲ್ಲಿ ಕೂರಬೇಕು. ನಮ್ಮಲ್ಲಿ ಚಾಕಣದ ಆ ಮೇಲ್ವಿಚಾರಕರನ್ನೇ ಕರೆಸಿ, ಅವರ ರಾತ್ರಿಯಲ್ಲಿ ಏನೇನು ನಿಂತರೆ ಲಾರಿ ನಿಲ್ಲುತ್ತದೆ ಎಂದು ಬರೆಸಿಕೊಂಡೆವು. ಅವರು ಹೇಳಿದ ಪಟ್ಟಿಯಲ್ಲಿ ತೂಕದ ಯಂತ್ರವಿತ್ತು, ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಇತ್ತು, ಗೇಟಿನ ಕಂಪ್ಯೂಟರ್ ಇತ್ತು. ಅವುಗಳಲ್ಲಿ ಒಂದೂ ನಮ್ಮ ಪರದೆಯಲ್ಲಿ ಇರಲಿಲ್ಲ.

ಒಂದೊಂದು ಅಲರ್ಟ್‌ನ ಎದುರಿಗೂ ‘ಇದು ಬಂದರೆ ಯಾರು ಏನು ಮಾಡಬೇಕು’ ಎಂದು ಬರೆಸಿ. ಬರೆಯಲು ಏನೂ ತೋಚದ ಅಲರ್ಟನ್ನು ಅಂದೇ ತೆಗೆಸಿಬಿಡಿ. ಯುಪಿಎಸ್‌ಗೆ ನಿಜವಾದ ಭಾರ ಹಾಕಿ ನೋಡುವ ದಿನವನ್ನು ವರ್ಷಕ್ಕೆ ಎರಡು ಸಲವಾದರೂ ಗೊತ್ತುಮಾಡಿ. ಕಚೇರಿಯ ಹೊರಗೆ, ಬೇರೆ ಸಂಪರ್ಕದಲ್ಲಿ, ಮೊದಲನೆಯದು ಉಸಿರಾಡುತ್ತಿದೆಯೇ ಎಂದಷ್ಟೇ ನೋಡುವ ಇನ್ನೊಂದು ಸಣ್ಣ ನಿಗಾ ಇರಲಿ. ಕೊನೆಗೆ, ಹಣ ಕೊಡುವ ಮುನ್ನ, ಮಾರಾಟದವರು ಎದುರಿಗಿರುವಾಗಲೇ ಅವರ ನಿಗಾ ಸರ್ವರ್‌ನ ವಿದ್ಯುತ್ ತಂತಿಯನ್ನು ಕಿತ್ತು ಗಡಿಯಾರ ನೋಡುತ್ತಾ ಕುಳಿತುಕೊಳ್ಳಿ. ಯಾರ ಫೋನ್ ರಿಂಗಾಗುತ್ತದೆ, ಎಷ್ಟು ಹೊತ್ತಿಗೆ ರಿಂಗಾಗುತ್ತದೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿ.